ಮಗುವಿನ ಕುರು ಕೊಯ್ಸಿದ ಮೇಲೆ ಮನೆಯಲ್ಲಿ ಏನು ಮಾಡಬೇಕು?

ಡಾಕ್ಟರು ಕುರು ಕೊಯ್ದು, ಕೀವು ತೆಗೆದು, ಬ್ಯಾಂಡೇಜ್ ಹಾಕಿ, ಒಂದೆರಡು ಹಾಳೆ ಕೈಗೆ ಕೊಟ್ಟು ಕಳಿಸುತ್ತಾರೆ. ಪರದೇಶದ ಹೊಸ ಆಸ್ಪತ್ರೆ, ಅಳುತ್ತಿರುವ ಮಗು. ಹೇಳಿದ್ದರಲ್ಲಿ ಅರ್ಧ ತಲೆಗೇ ಹೋಗಿರುವುದಿಲ್ಲ. ಆಮೇಲೆ ಅಪ್ಪ ಅಮ್ಮಂದಿರು ಮೊದಲು ಕೇಳುವುದು ಇದನ್ನೇ: "ಆಂಟಿಬಯಾಟಿಕ್ ಕೊಡಲೇ ಇಲ್ಲ, ಪರವಾಗಿಲ್ವಾ?"

ಕುರುವಿಗೆ ಮುಖ್ಯ ಚಿಕಿತ್ಸೆ ಕೀವು ತೆಗೆಯುವುದೇ. ಒಳಗೆ ಕಟ್ಟಿಕೊಂಡ ಕೀವಿಗೆ ಔಷಧಿ ಸರಿಯಾಗಿ ತಲುಪುವುದಿಲ್ಲ. ಹಾಗಂತ ಆಂಟಿಬಯಾಟಿಕ್ ದಂಡ ಅಂತಲೂ ಅಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಮಕ್ಕಳು, ದೊಡ್ಡವರು ಸೇರಿ 786 ಜನರಿದ್ದರು. ಎಲ್ಲರದೂ 5 ಸೆಂಟಿಮೀಟರ್ ಮೀರದ ಕುರು. ಕೀವು ತೆಗೆದ ಮೇಲೆ 10 ದಿನ ಆಂಟಿಬಯಾಟಿಕ್ ತಗೊಂಡವರಲ್ಲಿ ನೂರಕ್ಕೆ ಸುಮಾರು 82 ಜನರಿಗೆ ವಾಸಿಯಾಯಿತು. ಔಷಧಿಯೇ ಇಲ್ಲದ ಮಾತ್ರೆ ತಗೊಂಡವರಲ್ಲಿ ಸುಮಾರು 69 ಜನರಿಗೆ. ಹಾಗಾಗಿ ಮಗುವಿನ ವಯಸ್ಸು, ಕುರುವಿನ ಗಾತ್ರ, ಜಾಗ, ಜ್ವರ ನೋಡಿ ಡಾಕ್ಟರು ತೀರ್ಮಾನಿಸುತ್ತಾರೆ. ಯಾಕೆ ಕೊಟ್ಟಿಲ್ಲ ಅಂತ ಧಾರಾಳವಾಗಿ ಕೇಳಿ. ಕೊಟ್ಟರೆ ಹೇಳಿದಷ್ಟು ದಿನ ಹಾಕಿ. ಭೇದಿ ಜಾಸ್ತಿಯಾದರೆ, ಮೈಮೇಲೆ ದದ್ದು ಎದ್ದರೆ ಡಾಕ್ಟರಿಗೆ ಫೋನ್ ಮಾಡಿ. ಊರಿಂದ ಸೂಟ್‌ಕೇಸಿನಲ್ಲಿ ತಂದ ಹಳೇ ಮಾತ್ರೆ ಮಾತ್ರ ದಯವಿಟ್ಟು ಬೇಡ.

ಗಾಯ ತಳದಿಂದ ಮೇಲಕ್ಕೆ ತುಂಬಿಕೊಂಡು ಬರಬೇಕು. ಮೇಲಿನ ಚರ್ಮ ಬೇಗ ಮುಚ್ಚಿಕೊಂಡರೆ ಒಳಗೆ ಮತ್ತೆ ಕೀವು ಕಟ್ಟುತ್ತದೆ. ಅದಕ್ಕೇ ಕೆಲವೊಮ್ಮೆ ಗಾಯದೊಳಗೆ ಬಟ್ಟೆಯ ಬತ್ತಿ ಇಟ್ಟಿರುತ್ತಾರೆ, ತುದಿ ಹೊರಗೆ ಕಾಣುತ್ತಿರುತ್ತದೆ. ಅದನ್ನು ಯಾರು, ಯಾವಾಗ ತೆಗೆಯಬೇಕು ಅಂತ ಹೊರಡುವ ಮುಂಚೆಯೇ ಕೇಳಿಟ್ಟುಕೊಳ್ಳಿ. ತಾನಾಗೇ ಬಿದ್ದರೆ ಮತ್ತೆ ಒಳಗೆ ತುರುಕಬೇಡಿ, ಫೋನ್ ಮಾಡಿ ತಿಳಿಸಿ. ಮೊದಲ ಒಂದೆರಡು ದಿನ ರಕ್ತ ಬೆರೆತ ನೀರು, ಸ್ವಲ್ಪ ಕೀವು ಬರುವುದು ಸಹಜ. ಬರಲಿ ಬಿಡಿ, ಹಿಂಡಬೇಡಿ.

ಬ್ಯಾಂಡೇಜ್ ಬದಲಾಯಿಸುವುದೇ ದೊಡ್ಡ ರಂಪ. ನನ್ನ ಮಗನ ತೊಡೆಯ ಮೇಲಿನ ಹತ್ತಿ ಬಟ್ಟೆ ಗಾಯಕ್ಕೆ ಅಂಟಿಕೊಂಡಿತ್ತು. ನಾನು ಸರ್ರನೆ ಎಳೆದೆ, ಅವನ ಕೂಗಿಗೆ ಪಕ್ಕದ ಮನೆಯವರು ಬಾಗಿಲು ತಟ್ಟಿದರು. ಮಾರನೇ ದಿನ ನರ್ಸ್ ಹೇಳಿಕೊಟ್ಟ ಹಾಗೆ ಮಾಡಿದೆ. ಅರ್ಧ ಗಂಟೆ ಮುಂಚೆ ನೋವಿನ ಔಷಧಿ, ಆಮೇಲೆ ಬಟ್ಟೆಯ ಮೇಲೆ ಉಗುರುಬೆಚ್ಚಗಿನ ನೀರು. ಎರಡು ನಿಮಿಷದಲ್ಲಿ ತಾನೇ ಬಿಟ್ಟುಕೊಂಡಿತು. ನೋವಿಗೆ ಪ್ಯಾರಸಿಟಮಾಲ್ ಸಾಕು, ಮಗುವಿನ ತೂಕಕ್ಕೆ ಎಷ್ಟು ಅಂತ ಡಾಕ್ಟರನ್ನು ಕೇಳಿ. ಮಕ್ಕಳಿಗೆ ಆಸ್ಪಿರಿನ್ ಬೇಡ.

ಅದೇ ನರ್ಸ್ ಇನ್ನೊಂದು ಉಪಾಯ ಹೇಳಿದ್ದರು. ಗಾಯದ ಸುತ್ತಲಿನ ಕೆಂಪು ಎಲ್ಲಿಗೆ ನಿಂತಿದೆಯೋ ಅಲ್ಲಿ ಪೆನ್ನಿನಿಂದ ಗೆರೆ ಎಳೆಯಿರಿ. ಬೆಳಿಗ್ಗೆ ಕೆಂಪು ಗೆರೆಯೊಳಗೇ ಇದ್ದರೆ ನಿರಾಳ. ಗೆರೆ ದಾಟಿದ್ದರೆ, ಕೆಂಪು ಪಟ್ಟೆ ಮೇಲಕ್ಕೆ ಹರಿದಿದ್ದರೆ, ನೋವು, ಊತ ಜಾಸ್ತಿಯಾಗಿದ್ದರೆ ಅಥವಾ 38 ಡಿಗ್ರಿ ಸೆಲ್ಸಿಯಸ್ ಇಲ್ಲವೇ ಅದಕ್ಕಿಂತ ಹೆಚ್ಚು ಜ್ವರವಿದ್ದರೆ ಅವತ್ತೇ ತೋರಿಸಿ. ಮಗು ಮಂಕಾಗಿ ಎಬ್ಬಿಸಿದರೂ ಏಳದಿದ್ದರೆ, ಅಥವಾ ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಕಾಯಲೇಬೇಡಿ, ಎಮರ್ಜೆನ್ಸಿಗೆ ಹೋಗಿ.

ಇಂಥ ಕುರುವಿಗೆ ಹೆಚ್ಚಾಗಿ ಕಾರಣ ಸ್ಟ್ಯಾಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ. ಕೈ, ಟವೆಲ್ ಮೂಲಕ ಮನೆಯವರಿಗೂ ದಾಟುತ್ತದೆ. ಬ್ಯಾಂಡೇಜ್ ಮುಟ್ಟುವ ಮೊದಲೂ ಆಮೇಲೂ ಸೋಪು ಹಾಕಿ ಕೈ ತೊಳೆಯಿರಿ. ಮಗುವಿಗೆ ಬೇರೆ ಟವೆಲ್ ಇಡಿ, ಉಗುರು ಕತ್ತರಿಸಿ. ಬ್ಯಾಂಡೇಜ್ ಗಾಯವನ್ನು ಪೂರ್ತಿ ಮುಚ್ಚಿದ್ದು, ಕೀವು ಅದರಿಂದ ಹೊರಗೆ ಬರದಿದ್ದರೆ, ಮಗು ಹುಷಾರಾಗಿದ್ದರೆ ಸಾಮಾನ್ಯವಾಗಿ ಶಾಲೆಗೆ ಕಳಿಸಬಹುದು. ಈಜು ಮಾತ್ರ ಗಾಯ ಮಾಯುವ ತನಕ ಬೇಡ.

ಕೀವನ್ನು ಪರೀಕ್ಷೆಗೆ ಕಳಿಸಿದ್ದರೆ ವರದಿಗೆ ಎರಡು ಮೂರು ದಿನ ಬೇಕಾಗಬಹುದು. ಅವರೇ ಫೋನ್ ಮಾಡುತ್ತಾರೆ ಅಂತ ಕೂರಬೇಡಿ, ನೀವೇ ವಿಚಾರಿಸಿ. ಯಾವ ಔಷಧಿಗೆ ಆ ಬ್ಯಾಕ್ಟೀರಿಯಾ ಬಗ್ಗುತ್ತದೆ ಅನ್ನುವುದು ಅದರಲ್ಲೇ ಇರುತ್ತದೆ. ಭಾಷೆ ತೊಡಕಾದರೆ ದುಭಾಷಿ ಸಿಗುತ್ತಾರಾ ಅಂತ ಆಸ್ಪತ್ರೆಯಲ್ಲೇ ಕೇಳಿ.