ಇಸ್ರೇಲ್-ಪ್ಯಾಲೆಸ್ತೀನ್ ಶಾಂತಿಗಾಗಿ ನಿಮ್ಮ ಸಭೆ ಏನ್ ಮಾಡ್ಬಹುದು, ಎಲ್ಲಿಂದ ಶುರು ಮಾಡೋದು

ಗಾಜಾದ್ದೋ ಯೆರೂಸಲೇಮಿಂದೋ ನ್ಯೂಸ್ ಬಂದಾಗೆಲ್ಲ ಚರ್ಚುಗಳಲ್ಲಿ ಸಾಮಾನ್ಯವಾಗಿ ಎರಡರಲ್ಲಿ ಒಂದು ಆಗುತ್ತೆ. ಒಂದೋ "ಯೆರೂಸಲೇಮಿಗೆ ಸಮಾಧಾನ ಕೊಡು ಕರ್ತನೇ" ಅಂತ ಒಂದು ಲೈನ್ ಪ್ರಾರ್ಥನೆ ಮಾಡಿ ಮುಂದಿನ ಹಾಡಿಗೆ ಹೋಗ್ತಾರೆ, ಇಲ್ಲಾಂದ್ರೆ ವಾಟ್ಸಾಪ್ ಗ್ರೂಪಲ್ಲಿ ಯಾರಾದ್ರೂ ಇದೆಲ್ಲ ಅಂತ್ಯಕಾಲದ ಸೂಚನೆ ಅಂತ ಫಾರ್ವರ್ಡ್ ಹಾಕ್ತಾರೆ, ಹತ್ತು ಜನ ಆಮೆನ್ ಅಂತಾರೆ, ಅಲ್ಲಿಗೆ ಮುಗೀತು. ಅಲ್ಲಿರೋರಿಗೆ ಇದ್ರಿಂದ ಏನೂ ಆಗಲ್ಲ. ಶಾಂತಿಗಾಗಿ ದನಿ ಎತ್ತಬೇಕು ಅಂದ್ರೆ ಅಧಿಕಾರದಲ್ಲಿರೋ ಯಾರಿಗಾದ್ರೂ, ಸ್ಪಷ್ಟವಾಗಿ, ಒಂದೇ ಒಂದು ವಿಷಯ ಕೇಳ್ಬೇಕು, ಅದನ್ನ ಕೇಳೋಕೆ ಮುಂಚೆ ಆ ನೆಲದಲ್ಲಿ ಬದುಕ್ತಿರೋರ ಮಾತಿಗೆ ಕಿವಿ ಕೊಡ್ಬೇಕು. ಈ ಕ್ರಮ ತಿರುಗಾಮುರುಗಾ ಆದ್ರೆ ಕೆಲಸ ಕೆಡುತ್ತೆ.

ಮೊದಲು ಐದಾರು ಜನ ಸೇರಿ ಸಾಕು, ಇಡೀ ಸಭೆ ಬೇಡ. ಮೊದಲ ಭೇಟಿಗೆ 2009ರ ಡಿಸೆಂಬರ್‌ನಲ್ಲಿ ಬೇತ್ಲೆಹೇಮಿನಲ್ಲಿ ಬಿಡುಗಡೆಯಾದ ಕೈರೋಸ್ ಪ್ಯಾಲೆಸ್ತೀನ್ ದಾಖಲೆ ಓದಿ. ಪ್ಯಾಲೆಸ್ತೀನಿ ಕ್ರೈಸ್ತರೇ ಬರೆದದ್ದು, ಯೆರೂಸಲೇಮಿನ ಲ್ಯಾಟಿನ್ ಪೇಟ್ರಿಯಾರ್ಕ್ (ಅಲ್ಲಿನ ಕ್ಯಾಥೊಲಿಕ್ ಸಭೆಯ ಮುಖ್ಯಸ್ಥ) ಆಗಿದ್ದ ಮಿಷೆಲ್ ಸಬ್ಬಾ ಕೂಡ ಅದರ ಹಿಂದಿದ್ರು. ಅದರಲ್ಲಿ ಪ್ಯಾಲೆಸ್ತೀನಿಯರ ನೆಲವನ್ನ ಇಸ್ರೇಲ್ ಸೇನಾಬಲದಿಂದ ಹಿಡಿತದಲ್ಲಿ ಇಟ್ಕೊಂಡಿರೋದು ದೇವರ ವಿರುದ್ಧವೂ ಮನುಷ್ಯರ ವಿರುದ್ಧವೂ ಪಾಪ ಅಂತ ನೇರವಾಗಿ ಹೇಳಿದಾರೆ, ಜೊತೆಗೇ ವೈರಿಯ ಮುಖದಲ್ಲೂ ದೇವರ ರೂಪ ನೋಡ್ಬೇಕು, ಪ್ರತಿರೋಧ ಪ್ರೀತಿಯಿಂದಲೇ ಆಗ್ಬೇಕು ಅಂತಾನೂ ಹೇಳಿದಾರೆ. ಇದು ಏಕಪಕ್ಷೀಯ ಅಂತ ಯಹೂದಿ ಕಡೆಯಿಂದ ಟೀಕೆಯೂ ಬಂತು, ಆ ದಾಖಲೆಯಲ್ಲಿದ್ದ ಬಾಯ್ಕಾಟ್ ಕರೆ ಬಗ್ಗೆ ಜಗಳವೇ ಆಯ್ತು. ಆ ಟೀಕೆಯನ್ನೂ ಓದಿ, ಮುಚ್ಚಿಡ್ಬೇಡಿ. ಎಷ್ಟೋ ಜನಕ್ಕೆ ಪ್ಯಾಲೆಸ್ತೀನಿ ಕ್ರೈಸ್ತರು ಇದಾರೆ ಅನ್ನೋದೇ ಗೊತ್ತಿಲ್ಲ ನೋಡಿ, ಬೇತ್ಲೆಹೇಮ್, ಬೇತ್ ಜಾಲಾ, ಬೇತ್ ಸಾಹೂರ್, ತೈಬೆ ಇಲ್ಲೆಲ್ಲ ತಲೆತಲಾಂತರದಿಂದ ಇರೋ ಸಭೆಗಳಿವೆ. 2023ರ ಯುದ್ಧಕ್ಕೆ ಮುಂಚೆ ಗಾಜಾದಲ್ಲೂ ಸುಮಾರು ಸಾವಿರ ಕ್ರೈಸ್ತರಿದ್ರು. 2023ರ ಅಕ್ಟೋಬರ್ 19ಕ್ಕೆ ಅಲ್ಲಿನ ಸಂತ ಪೋರ್ಫಿರಿಯಸ್ ಆರ್ಥೊಡಾಕ್ಸ್ ಚರ್ಚ್ ಆವರಣದಲ್ಲಿ ಆಶ್ರಯ ಪಡೆದಿದ್ದವರ ಮೇಲೆ ಬಾಂಬ್ ಬಿತ್ತು, 2025ರ ಜುಲೈ 17ಕ್ಕೆ ಹೋಲಿ ಫ್ಯಾಮಿಲಿ ಕ್ಯಾಥೊಲಿಕ್ ಚರ್ಚಿಗೆ ಶೆಲ್ ಬಡಿದು ಮೂವರು ಸತ್ರು. ಪೋಪ್ ಫ್ರಾನ್ಸಿಸ್ ಬದುಕಿದ್ದಾಗ ಈ ಹೋಲಿ ಫ್ಯಾಮಿಲಿ ಚರ್ಚಿಗೇ ಹೆಚ್ಚುಕಮ್ಮಿ ಪ್ರತಿ ರಾತ್ರಿ ಫೋನ್ ಮಾಡಿ ವಿಚಾರಿಸ್ತಿದ್ರು.

ಎರಡನೇ ಭೇಟಿಗೆ ಇತಿಹಾಸ. ತುಂಬಾ ಬೇಡ, ಒಂದು ಹಾಳೆ. 1948ರಲ್ಲಿ ಇಸ್ರೇಲ್ ದೇಶ ಆಯ್ತು, ಅದೇ ಹೊತ್ತಲ್ಲಿ 7 ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ತೀನಿಯರು ಮನೆಮಠ ಕಳ್ಕೊಂಡ್ರು. 1967ರಲ್ಲಿ ವೆಸ್ಟ್ ಬ್ಯಾಂಕ್ (ಜೋರ್ಡನ್ ನದಿಯ ಪಶ್ಚಿಮಕ್ಕಿರೋ ಪ್ರದೇಶ), ಪೂರ್ವ ಯೆರೂಸಲೇಮ್, ಗಾಜಾ ಇಸ್ರೇಲ್ ಹಿಡಿತಕ್ಕೆ ಹೋದ್ವು. 1993ರಲ್ಲಿ ಇಸ್ರೇಲಿ-ಪ್ಯಾಲೆಸ್ತೀನಿ ನಾಯಕರ ನಡುವೆ ಓಸ್ಲೋ ಒಪ್ಪಂದ. ಆಮೇಲೆ ಎರಡನೇ ಇಂತಿಫಾದಾ (ಪ್ಯಾಲೆಸ್ತೀನಿಯರ ದಂಗೆ), ಇಸ್ರೇಲಿ ಬಸ್ಸುಗಳಲ್ಲಿ ಆತ್ಮಹತ್ಯಾ ಬಾಂಬ್, 2002ರಿಂದ ಇಸ್ರೇಲ್ ವೆಸ್ಟ್ ಬ್ಯಾಂಕಿನಲ್ಲಿ ಕಟ್ಟಿದ ಗೋಡೆ. 2023ರ ಅಕ್ಟೋಬರ್ 7ಕ್ಕೆ ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತು 251 ಜನ ಒತ್ತೆಯಾಳಾದ್ರು, ಅದರ ನಂತರದ ಯುದ್ಧದಲ್ಲಿ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ರು. ಇದರಲ್ಲಿ ಯಾವುದನ್ನ ಬಿಟ್ಟು ಹೇಳಿದ್ರೂ ಕೂತಿರೋರಲ್ಲಿ ಒಬ್ರಿಗೆ ತಕ್ಷಣ ಗೊತ್ತಾಗುತ್ತೆ, ಆಮೇಲೆ ನೀವು ಏನ್ ಹೇಳಿದ್ರೂ ಅವರು ನಂಬಲ್ಲ.

ಇಲ್ಲಿ ಬೈಬಲ್ ಪ್ರಶ್ನೆ ಬಂದೇ ಬರುತ್ತೆ, ತಯಾರಾಗಿರಿ. ಆದಿಕಾಂಡ 12:3 ಎತ್ತಿ, ಇಸ್ರೇಲನ್ನ ಆಶೀರ್ವದಿಸಿದೋರಿಗೆ ಆಶೀರ್ವಾದ, ಅದಕ್ಕೇ ಪ್ರಶ್ನೆ ಮಾಡ್ಬಾರ್ದು ಅಂತ ಯಾರಾದ್ರೂ ಹೇಳ್ತಾರೆ. ವಾದಕ್ಕೆ ಇಳೀಬೇಡಿ, ಒಂದನೇ ಅರಸುಗಳು 21ನೇ ಅಧ್ಯಾಯ ತೆಗೆದು ನಾಬೋತನ ದ್ರಾಕ್ಷೇತೋಟದ ಕಥೆ ಜೋರಾಗಿ ಓದಿಸಿ. ಇಸ್ರಾಯೇಲಿನ ರಾಜನೇ ನಾಬೋತನ ಪಿತ್ರಾರ್ಜಿತ ಭೂಮಿ ಕಿತ್ಕೊಂಡಾಗ ದೇವರು ಎಲೀಯನನ್ನ ಕಳ್ಸಿದ್ದು ಆಶೀರ್ವಾದ ಮಾಡೋಕಲ್ಲ ಅಲ್ವಾ. ಆದ್ರೆ ಇದರ ಇನ್ನೊಂದು ಬದಿ ಇದೆ, ನನ್ನ ಪ್ರಕಾರ ಅದಕ್ಕೇ ಜಾಸ್ತಿ ಎಚ್ಚರ ಬೇಕು. ಯೇಸುವನ್ನ ಕೊಂದೋರು ಅಂತ ಹೇಳಿ ಯಹೂದಿಗಳನ್ನ ಶತಮಾನಗಟ್ಟಲೆ ಹಿಂಸೆ ಮಾಡಿದ್ದು ಯುರೋಪಿನ ಕ್ರೈಸ್ತರೇ, ನಾಜಿಗಳು 60 ಲಕ್ಷ ಯಹೂದಿಗಳನ್ನ ಕೊಂದಿದ್ದು ಆ ದ್ವೇಷ ಬೇರೂರಿದ್ದ ನೆಲದಲ್ಲೇ. ಕ್ಯಾಥೊಲಿಕ್ ಸಭೆ ಆ ಆರೋಪವನ್ನ ಅಧಿಕೃತವಾಗಿ ತಳ್ಳಿಹಾಕಿದ್ದೇ 1965ರಲ್ಲಿ. ಹಾಗಾಗಿ ನಿಮ್ಮ ಮಾತಲ್ಲಿ "ಇಸ್ರೇಲ್ ಸರ್ಕಾರ", "ಸೇನೆ", "ಸೆಟ್ಲರ್‌ಗಳು" (1967ರಲ್ಲಿ ಹಿಡಿದ ನೆಲದಲ್ಲಿ ಮನೆ ಕಟ್ಕೊಂಡು ನೆಲೆಸಿರೋ ಇಸ್ರೇಲಿಗಳು) ಅಂತ ಯಾರು ಮಾಡಿದ್ರೋ ಅವರ ಹೆಸರೇ ಬರ್ಲಿ, "ಯಹೂದಿಗಳು" ಅಂತ ಸಾರಾಸಗಟಾಗಿ ಬರ್ಬಾರ್ದು. ಹಮಾಸ್ ಮಾಡಿದ್ದನ್ನ ಪ್ಯಾಲೆಸ್ತೀನಿಯರೆಲ್ಲರ ತಲೆಗೆ ಕಟ್ಟೋದೂ ಬೇಡ.

ಪ್ರಾರ್ಥನೆಯನ್ನ ಮೊದಲೇ ಬರ್ಕೊಳ್ಳಿ. ಬಾಯಿಗೆ ಬಂದಂಗೆ ಮಾಡಿದ್ರೆ ಅದೇ ಹಳೇ ಒಂದು ಲೈನ್ ಆಗುತ್ತೆ. ಹೀಗೆ ಏನಾದ್ರೂ ಇರ್ಲಿ: "ಕರ್ತನೇ, ಗಾಜಾದ ಟೆಂಟುಗಳಲ್ಲಿ ಮಕ್ಕಳನ್ನ ಮಲಗಿಸೋ ತಾಯಂದಿರನ್ನ ನೋಡು. ಅಕ್ಟೋಬರ್ 7ರಂದು ತಮ್ಮವರನ್ನ ಕಳ್ಕೊಂಡ ಇಸ್ರೇಲಿ ಮನೆಗಳನ್ನ ನೋಡು. ಚೆಕ್‌ಪಾಯಿಂಟಿನಲ್ಲಿ ಕಾಯ್ತಿರೋರನ್ನೂ ಅಲ್ಲಿ ಬಂದೂಕು ಹಿಡಿದು ನಿಂತಿರೋ ಹುಡುಗರನ್ನೂ ನೋಡು. ಅಧಿಕಾರದಲ್ಲಿರೋರ ಕಲ್ಲಾದ ಹೃದಯ ಕರಗಿಸು, ನಮ್ಮದನ್ನೂ." ಸೆಪ್ಟೆಂಬರ್‌ನಲ್ಲಿ ಚರ್ಚುಗಳ ವಿಶ್ವ ಮಂಡಳಿ ಪ್ಯಾಲೆಸ್ತೀನ್-ಇಸ್ರೇಲ್ ಶಾಂತಿಗಾಗಿ ಒಂದು ವಾರ ಇಡುತ್ತೆ, ಆಗ ಇಡೀ ಆರಾಧನೆಯನ್ನೇ ಇದಕ್ಕೆ ಕೊಡ್ಬಹುದು.

ಅಲ್ಲಿನೋರ ದನಿ ನೇರವಾಗಿ ಕೇಳಿಸೋಕೆ ಪೇರೆಂಟ್ಸ್ ಸರ್ಕಲ್ ಅನ್ನೋ ಸಂಘಟನೆ ಬಗ್ಗೆ ತಿಳ್ಕೊಳ್ಳಿ. 1995ರಲ್ಲಿ ಶುರುವಾದದ್ದು, ಈ ಸಂಘರ್ಷದಲ್ಲಿ ಮನೆಯವರನ್ನ ಕಳ್ಕೊಂಡ ಇಸ್ರೇಲಿಗಳೂ ಪ್ಯಾಲೆಸ್ತೀನಿಯರೂ ಒಟ್ಟಿಗೆ ಕೂತು ಮಾತಾಡ್ತಾರೆ. ಇದು ಕ್ರೈಸ್ತ ಸಂಸ್ಥೆ ಅಲ್ಲ, ಪರ್ವಾಗಿಲ್ಲ. ಎರಡೂ ಕಡೆಯವರು ಒಂದೇ ವೇದಿಕೆಯಲ್ಲಿ ಮಾತಾಡಿದ್ದನ್ನ ಕೇಳಿದೋರು ಆಮೇಲೆ ಸುಲಭವಾಗಿ ಒಂದು ಕಡೆ ನಿಂತು ಕೂಗಾಡಲ್ಲ. ಬೇತ್ಲೆಹೇಮ್ ಹತ್ರ ಟೆಂಟ್ ಆಫ್ ನೇಷನ್ಸ್ ಅನ್ನೋ ಒಂದು ಕ್ರೈಸ್ತ ಕುಟುಂಬದ ತೋಟ ಇದೆ, 1916ರಿಂದ ಅವರ ಹತ್ರ ಇರೋ ಭೂಮಿ, ಸುತ್ತ ಸೆಟ್ಲ್‌ಮೆಂಟುಗಳು, ದಶಕಗಳಿಂದ ಕೋರ್ಟ್ ಅಲೀತಿದಾರೆ, ಆದ್ರೂ ಬಾಗಿಲ ಹತ್ರ ಕಲ್ಲಿನ ಮೇಲೆ ನಾವು ಯಾರಿಗೂ ಶತ್ರುಗಳಾಗಲ್ಲ ಅಂತ ಬರ್ದಿದಾರೆ.

ಈಗ ಪತ್ರ. ನಿಮ್ಮ ಸಂಸದರಿಗೋ ವಿದೇಶಾಂಗ ಸಚಿವಾಲಯಕ್ಕೋ ಬರೀಬಹುದು. ಒಂದು ಪುಟ ದಾಟ್ಬಾರ್ದು, ಒಂದೇ ಬೇಡಿಕೆ ಇರ್ಬೇಕು. "ಶಾಂತಿ ಸ್ಥಾಪನೆಗೆ ಪ್ರಯತ್ನಿಸಿ" ಅಂತ ಬರೆದ್ರೆ "ಪ್ರಯತ್ನಿಸ್ತಿದೀವಿ" ಅಂತ ಉತ್ತರ ಬರುತ್ತೆ, ಅಷ್ಟೇ. ಜಾಗ, ದಿನಾಂಕ, ನಡೆದದ್ದು, ನೀವು ಕೇಳ್ತಿರೋದು, ಈ ನಾಲ್ಕು ಇರ್ಲಿ. ಉದಾಹರಣೆಗೆ 2025ರ ಜುಲೈನಲ್ಲಿ ತೈಬೆ ಊರಿನ ಹಳೇ ಸಂತ ಜಾರ್ಜ್ ಚರ್ಚ್ ಪಕ್ಕ ಬೆಂಕಿ ಬಿತ್ತು, ಇದು ಸೆಟ್ಲರ್‌ಗಳ ಕೆಲಸ ಅಂತ ಅಲ್ಲಿನ ಪಾದ್ರಿಗಳು ಹೇಳಿದ್ರು, ಆ ಊರಿಗೆ ರಕ್ಷಣೆ ಕೊಡೋ ವಿಷಯವನ್ನ ನಮ್ಮ ರಾಯಭಾರಿ ಇಸ್ರೇಲ್ ಸರ್ಕಾರದ ಹತ್ರ ಎತ್ತಬೇಕು, ಹೀಗೆ. ಕಾನೂನಿನ ಆಧಾರ ಬೇಕಿದ್ರೆ 2024ರ ಜುಲೈ 19ರ ಅಂತರರಾಷ್ಟ್ರೀಯ ನ್ಯಾಯಾಲಯದ ಅಭಿಪ್ರಾಯ ಇದೆ, 1967ರಲ್ಲಿ ಹಿಡಿದ ಪ್ರದೇಶದಲ್ಲಿ ಇಸ್ರೇಲ್ ಮುಂದುವರಿದಿರೋದು ಕಾನೂನುಬಾಹಿರ ಅಂತ ಅದು ಹೇಳಿದೆ. ತಿಂಗಳಾದ್ರೂ ಉತ್ತರ ಬರ್ದಿದ್ರೆ ಮತ್ತೆ ಬರೀರಿ, ಮೂವರು ಹೋಗಿ ಭೇಟಿನೂ ಮಾಡಿ.

ಹಣ ಕಳಿಸ್ಬೇಕು ಅನ್ನಿಸಿದ್ರೆ ನಿಮ್ಮ ಸಭೆಯ ಅಧಿಕೃತ ದಾರಿಯಲ್ಲೇ ಕಳ್ಸಿ, ಗಾಜಾದ ಅಲ್ ಅಹ್ಲಿ ಆಸ್ಪತ್ರೆಯನ್ನ ಯೆರೂಸಲೇಮಿನ ಆಂಗ್ಲಿಕನ್ ಡಯಾಸಿಸ್ ನಡೆಸುತ್ತೆ. ಫಾರ್ವರ್ಡ್ ಆಗಿ ಬಂದ ಕ್ಯೂಆರ್ ಕೋಡ್ ಮುಟ್ಟಲೇಬೇಡಿ.

ಪರಿಸ್ಥಿತಿ ಶಾಂತವಾಗಿದ್ದು ಪವಿತ್ರ ನಾಡಿನ ಯಾತ್ರೆ ಹೊರಟ್ರೆ ಟೂರ್ ಆಪರೇಟರ್ ಹತ್ರ ಮೊದಲೇ ಹೇಳಿ, ಬೇತ್ಲೆಹೇಮಿನಲ್ಲಿ ಎರಡು ರಾತ್ರಿಯಾದ್ರೂ ತಂಗ್ಬೇಕು, ಅಲ್ಲಿನ ಸಭೆಯ ಜೊತೆ ಭಾನುವಾರದ ಆರಾಧನೆಗೆ ಕೂರ್ಬೇಕು ಅಂತ. ಸುಮಾರು ಟೂರ್‌ಗಳು ಬಸ್ಸಿಂದ ಇಳಿಸಿ, ಜನನ ಸ್ಥಳದ ಚರ್ಚ್ ತೋರ್ಸಿ, ಅಂಗಡಿಗೆ ಕರ್ಕೊಂಡ್ ಹೋಗಿ ವಾಪಸ್ ಹತ್ತಿಸ್ತಾವೆ. ಜಾಸ್ತಿ ಸಮಯ ಕೊಡೋಕೆ ಆಗೋರಿಗೆ ವಿಶ್ವ ಮಂಡಳಿ 2002ರಲ್ಲಿ ಶುರು ಮಾಡಿದ ಸಹಯಾತ್ರಿ ಕಾರ್ಯಕ್ರಮದ ಮಾದರಿ ಇದೆ, ಸ್ವಯಂಸೇವಕರು ಮೂರು ತಿಂಗಳು ಅಲ್ಲಿದ್ದು ಚೆಕ್‌ಪಾಯಿಂಟ್‌ಗಳನ್ನ ಗಮನಿಸೋದು, ಸ್ಕೂಲಿಗೆ ಹೋಗೋ ಮಕ್ಕಳ ಜೊತೆ ನಡೆಯೋದು, ವಾಪಸ್ ಬಂದು ಕಂಡದ್ದನ್ನ ಹೇಳೋದು.

"ಸಭೇಲಿ ರಾಜಕೀಯ ಬೇಡ" ಅಂತ ನಿಮ್ಮ ಪಾಸ್ಟರ್ ಹೇಳಿದ್ರೆ ಜಗಳ ಆಡ್ಬೇಡಿ. ಮೊದಲ ಪತ್ರಕ್ಕೆ ಈಸ್ಟರ್ ಪರ್ಮಿಟ್ ವಿಷಯ ಇಟ್ಕೊಳ್ಳಿ. ಬೇತ್ಲೆಹೇಮಿಂದ ಯೆರೂಸಲೇಮಿಗೆ ಹತ್ತು ಕಿಲೋಮೀಟರ್ ಕೂಡ ಇಲ್ಲ ಅನ್ನಬಹುದು, ಆದ್ರೂ ಅಲ್ಲಿನ ಕ್ರೈಸ್ತರು ಯೇಸುವಿನ ಸಮಾಧಿಯ ಚರ್ಚಿಗೆ ಹೋಗಿ ಈಸ್ಟರ್ ಮಾಡೋಕೆ ಇಸ್ರೇಲಿ ಪರ್ಮಿಟ್ ಬೇಕು, ಎಷ್ಟೋ ಸಲ ಒಂದೇ ಮನೇಲಿ ಒಬ್ರಿಗೆ ಸಿಕ್ಕಿ ಇನ್ನೊಬ್ರಿಗೆ ಸಿಗಲ್ಲ. ಇದಕ್ಕೆ ಸಹಿ ಹಾಕಲ್ಲ ಅನ್ನೋ ಪಾಸ್ಟರ್ ಸಿಗೋದು ಕಷ್ಟ. ಈಸ್ಟರ್‌ಗೆ ಎರಡು ತಿಂಗಳು ಮುಂಚೆನೇ ಪತ್ರ ಹೋಗ್ಲಿ, ಪರ್ಮಿಟ್ ನಿರ್ಧಾರ ಆದ್ಮೇಲೆ ಬರೆದು ಉಪಯೋಗ ಇಲ್ಲ.