ಟ್ಯಾಂಕಿನಲ್ಲಿ ಕಳೆ ಕಿತ್ತ ಏಳು ತಿಂಗಳು

ಅಪ್ಪನ ಆಪರೇಷನ್ ಅಂತ ಊರಿಗೆ ಹೋದವನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ವಾಪಸ್ ಬರುವಷ್ಟರಲ್ಲಿ ನಾಲ್ಕು ತಿಂಗಳಾಗಿತ್ತು. ಬಾಗಿಲು ತೆಗೆದ ಕೂಡಲೇ ಮೂಗಿಗೆ ಬಡಿದದ್ದು ಕೆರೆಯ ವಾಸನೆ. ಹಾಲ್‌ನಲ್ಲಿದ್ದ ನನ್ನ 75 ಗ್ಯಾಲನ್ನಿನ, ಅಂದರೆ ಸುಮಾರು 280 ಲೀಟರಿನ ಉಪ್ಪುನೀರಿನ ಹವಳದ ಅಕ್ವೇರಿಯಂ ಟ್ಯಾಂಕ್ ಹಸಿರು ಕಂಬಳಿ ಹೊದ್ದು ಕೂತಿತ್ತು. ಕಲ್ಲುಗಳ ಮೇಲೆ ಎರಡು ಇಂಚು ಉದ್ದದ ಕೂದಲು ಪಾಚಿ. ಅದರ ಮಧ್ಯೆ ಗೋಲಿಯ ಹಾಗೆ ಹೊಳೆಯುವ ಗುಳ್ಳೆ ಪಾಚಿ. ಅಕ್ರೋಪೋರಾ ಹವಳ ಎರಡೂ ಬಿಳಿ ಎಲುಬಾಗಿದ್ದವು. ಮೀನು ಮಾತ್ರ ಐದೂ ಬದುಕಿದ್ದವು. ಚೆನ್ನಾಗಿ ದಪ್ಪಗೂ ಆಗಿದ್ದವು.

ದಪ್ಪಗಾದ ಕಾರಣ ಸಂಜೆ ಗೊತ್ತಾಯಿತು. ಊಟ ಹಾಕಲು ಗೆಳೆಯನಿಗೆ ಕೀ ಕೊಟ್ಟು ಹೋಗಿದ್ದೆ. ದಿನಕ್ಕೆ ಅರ್ಧ ಕ್ಯೂಬ್ ಮೈಸಿಸ್, ಅಂದರೆ ಹೆಪ್ಪುಗಟ್ಟಿಸಿದ ಪುಟ್ಟ ಸೀಗಡಿಯಂಥ ಜೀವಿ, ಸಾಕು ಅಂದಿದ್ದೆ. ಅವನು ಎರಡು ಹಾಕುತ್ತಿದ್ದ. "ಹಸಿದ ಹಾಗೆ ನೋಡ್ತಿದ್ವು ಕಣೋ" ಅಂದ. ಮೀನು ಯಾವಾಗಲೂ ಹಾಗೇ ನೋಡುತ್ತವೆ, ಅಲ್ವಾ? ಬೈಯಲು ಮನಸ್ಸಾಗಲಿಲ್ಲ. ನಾಲ್ಕು ತಿಂಗಳು ಒಂದು ದಿನವೂ ತಪ್ಪದೆ ಬಂದಿದ್ದಾನೆ.

ತಪ್ಪು ನನ್ನದೂ ಇತ್ತು. ಈ ಟ್ಯಾಂಕಿನಿಂದ ದಿನಕ್ಕೆ ಸುಮಾರು ಒಂದು ಗ್ಯಾಲನ್ ನೀರು ಆವಿಯಾಗುತ್ತೆ. ಅದನ್ನು ತುಂಬುವ ಆರ್‌ಒ-ಡಿಐ ನೀರು ಶುದ್ಧಿ ಮಾಡುವ ಫಿಲ್ಟರಿನ ರೆಸಿನ್ ಸತ್ವ ಮುಗಿದು ಬಣ್ಣ ಬದಲಾಗಿ, ನಾನು ಹೊರಡುವ ಮೊದಲೇ ಎಷ್ಟೋ ದಿನವಾಗಿತ್ತು. ನೋಡಿಯೂ ನೋಡದ ಹಾಗಿದ್ದೆ. ಈಗ ನೀರಿನಲ್ಲಿ ಕರಗಿರುವುದನ್ನು ಅಳೆಯುವ ಟಿಡಿಎಸ್ ಮೀಟರ್ ಇಟ್ಟರೆ ಸೊನ್ನೆ ಇರಬೇಕಾದ ಕಡೆ 14. ಆವಿಯಾಗುವುದು ಬರೀ ನೀರು. ಅದರಲ್ಲಿದ್ದದ್ದೆಲ್ಲ ಟ್ಯಾಂಕಿನಲ್ಲೇ ಉಳಿಯುತ್ತೆ.

ಪಾಚಿಗೆ ಗೊಬ್ಬರ ಅಂದರೆ ಫಾಸ್ಫೇಟ್, ನೈಟ್ರೇಟ್. ಅವೆಷ್ಟಿವೆ ಅಂತ ನೀರು ಪರೀಕ್ಷೆ ಮಾಡಿದೆ. ಫಾಸ್ಫೇಟ್ 0.04 ಪಿಪಿಎಂ, ನೈಟ್ರೇಟ್ 2. ಕಿಟ್ ಕೆಟ್ಟಿರಬೇಕು ಅಂದುಕೊಂಡು ಮತ್ತೆ ಮಾಡಿದೆ. ಅದೇ ಸಂಖ್ಯೆ. ಅಷ್ಟು ಪಾಚಿ ಇರುವ ಟ್ಯಾಂಕಿನಲ್ಲಿ ಇಷ್ಟು ಚೊಕ್ಕ ನೀರು! ಆಮೇಲೆ ತಲೆಗೆ ಹೊಳೆಯಿತು. ಗೊಬ್ಬರವೆಲ್ಲ ಕಳೆಯ ಹೊಟ್ಟೆ ಸೇರಿದೆ. ಇನ್ನು ಗದ್ದೆಯ ಮಣ್ಣು ಪರೀಕ್ಷೆ ಮಾಡಿದರೆ ಏನು ಸಿಗುತ್ತೆ?

ಹಾಗಾಗಿ ಬಾಟಲಿ ಔಷಧಿಗಳನ್ನು ಪಕ್ಕಕ್ಕಿಟ್ಟೆ. ಫ್ಲುಕೋನಜೋಲ್ ಹಾಕು ಅಂತ ಕೆಲವರು ಹೇಳಿದರು. ಅದು ಮುಖ್ಯವಾಗಿ ಬ್ರಯಾಪ್ಸಿಸ್ ಅನ್ನುವ ಪಾಚಿಗೆ ಬಳಸುವ ಔಷಧಿ. ಬ್ರಯಾಪ್ಸಿಸ್ ಎಳೆ ಪುಟ್ಟ ಗರಿಯ ಹಾಗೆ ಕವಲೊಡೆದಿರುತ್ತೆ. ಭೂತಗನ್ನಡಿ ಹಿಡಿದು ನೋಡಿದೆ, ನನ್ನದು ಸಾದಾ ಕೂದಲು. ಕೈಯಿಂದಲೇ ಕೀಳಬೇಕು.

ಪ್ರತಿ ಶನಿವಾರ ಎರಡೇ ಕಲ್ಲು. ಟ್ಯಾಂಕಿನಿಂದ 10 ಗ್ಯಾಲನ್ ನೀರು ಎರಡು ಬಕೆಟ್ಟಿಗೆ ತೆಗೆಯುತ್ತಿದ್ದೆ. ಒಂದರಲ್ಲಿ ಕಲ್ಲು ಮುಳುಗಿಸಿ ಮೊದಲು ಬೆರಳಿನಿಂದ ಬುಡಸಮೇತ ಕೀಳುವುದು, ಆಮೇಲೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜುವುದು. ಇನ್ನೊಂದರಲ್ಲಿ ಜಾಲಾಡಿಸಿ ವಾಪಸ್ ಇಡುವುದು. ಆ ನೀರು ಚರಂಡಿಗೆ, ಟ್ಯಾಂಕಿಗೆ ಹೊಸ ಉಪ್ಪುನೀರು. ಕಲ್ಲಿಗೆ ನಲ್ಲಿ ನೀರು ಮಾತ್ರ ಸೋಕಿಸಬಾರದು. ನಮ್ಮಲ್ಲಿ ನಲ್ಲಿ ನೀರಿಗೆ ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರಮೈನ್ ಹಾಕುತ್ತಾರೆ. ಅಮೋನಿಯಾ ತಿಂದು ಮುಗಿಸುವ ಕಲ್ಲಿನ ಬ್ಯಾಕ್ಟೀರಿಯಾ ಸತ್ತರೆ ಅದು ಏರಿ ಮೀನುಗಳೂ ಹೋಗುತ್ತವೆ. ಗುಳ್ಳೆ ಪಾಚಿಯನ್ನು ಒಡೆಯದ ಹಾಗೆ, ಪಕ್ಕದಲ್ಲೇ ಸೈಫನ್ ಪೈಪ್ ಹಿಡಿದು, ಒಂದೊಂದಾಗಿ ತಿರುಚಿ ತೆಗೆದೆ.

ಕೈಗವಸು, ಕನ್ನಡಕ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ನನ್ನ ಒಂದು ಕಲ್ಲಿನ ಮೇಲೆ ಪ್ಯಾಲಿಥೋವಾ ಅನ್ನುವ, ಹವಳದಂಥ ಮೆತ್ತನೆಯ ಜೀವಿ ಇತ್ತು. ಅದರಲ್ಲಿ ಪ್ಯಾಲಿಟಾಕ್ಸಿನ್ ಅನ್ನುವ ಘೋರ ವಿಷ ಇರಬಹುದು. ಅಂಥ ಕಲ್ಲನ್ನು ಕುದಿಸಿ ಕ್ಲೀನ್ ಮಾಡಲು ಹೋಗಿ, ಹಬೆ ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ. ಆ ಕಲ್ಲನ್ನು ನಾನು ಉಜ್ಜಲೇ ಇಲ್ಲ. ಚಿಮಟ ಹಿಡಿದು ಸುತ್ತಲಿನ ಪಾಚಿ ಕಿತ್ತೆ.

ಅಮ್ಮ ವಿಡಿಯೋ ಕಾಲ್‌ನಲ್ಲಿ ನೋಡಿ ನಕ್ಕಳು. "ಇಲ್ಲಿ ಒಂದು ದಿನ ಕಳೆ ಕೀಳೋಕೆ ಬಾ ಅಂದ್ರೆ ಬೆನ್ನು ನೋವು ಅಂತಿದ್ದೆ!"

ಐದು ವಾರಕ್ಕೆ ಅರ್ಧ ಪಾಚಿ ಹೋಗಿತ್ತು. ಆಗ ಫಾಸ್ಫೇಟ್ 0.19ಕ್ಕೆ ಏರಿತು. ನೈಟ್ರೇಟ್ 20. ತಿನ್ನುವ ಬಾಯಿ ಕಡಿಮೆಯಾದವು, ಕಲ್ಲು ಹೀರಿ ಇಟ್ಟುಕೊಂಡಿದ್ದ ಫಾಸ್ಫೇಟ್ ಹೊರಗೆ ಬರತೊಡಗಿತು. ಇದು ಆಗಲೇಬೇಕಾದದ್ದು. ಸುಮ್ನೆ ಇದ್ದಿದ್ದರೆ ನಿಧಾನಕ್ಕೆ ಇಳಿಯುತ್ತಿತ್ತು. ನಾನು ಸುಮ್ನೆ ಇರಲಿಲ್ಲ. ಫಾಸ್ಫೇಟ್ ಹೀರುವ ಜಿಎಫ್ಒ, ಅದೇ ಕಬ್ಬಿಣದ ಕೆಂಪು ಹರಳು, ಪ್ಯಾಕೆಟ್ ಮೇಲೆ ಬರೆದದ್ದಕ್ಕಿಂತ ಎರಡು ಪಟ್ಟು ಹಾಕಿದೆ. ಒಂಬತ್ತು ದಿನದಲ್ಲಿ ಮೀಟರ್ 0.00 ತೋರಿಸಿತು. ಹೆಂಡತಿಗೆ ಫೋಟೋ ಕಳಿಸಿ ಸಂಭ್ರಮಿಸಿದೆ.

ಮುಂದಿನ ವಾರ ಮರಳಿನ ಮೇಲೆ ಕಂದು ಬಣ್ಣದ ಸಿಂಬಳ. ಎಳೆಎಳೆಯಾಗಿ, ತುದಿಯಲ್ಲಿ ಗಾಳಿಗುಳ್ಳೆ. ಮಗಳ ಮೈಕ್ರೋಸ್ಕೋಪಿನಲ್ಲಿ ಒಂದು ಹನಿ ಇಟ್ಟು ನೋಡಿದರೆ, ಎಳ್ಳಿನ ಆಕಾರದ ಕಣಗಳು ಗೂಟಕ್ಕೆ ಕಟ್ಟಿದ ಕರುವಿನ ಹಾಗೆ ಗಿರಗಿರ ಸುತ್ತುತ್ತಿದ್ದವು. ಡೈನೋಫ್ಲಾಜೆಲೇಟ್ ಅನ್ನುವ ಏಕಕೋಶ ಜೀವಿಗಳು. ಸುತ್ತುವ ರೀತಿ ನೋಡಿದರೆ ಅವುಗಳಲ್ಲೇ ಆಸ್ಟ್ರಿಯಾಪ್ಸಿಸ್ ಅನ್ನುವ ಜಾತಿ. ನೀರಿನಲ್ಲಿ ಗೊಬ್ಬರ ಪೂರ್ತಿ ಬರಿದಾದಾಗ, ಉಳಿದ ಪಾಚಿ, ಬ್ಯಾಕ್ಟೀರಿಯಾಗಳು ಸೊರಗಿದ ಜಾಗಕ್ಕೆ ಇವು ನುಗ್ಗುತ್ತವೆ. ವಿಷ ಬೇರೆ. ಪಾಚಿ ತಿನ್ನಲಿ ಅಂತ ತಂದಿದ್ದ ಬಸವನಹುಳುಗಳಲ್ಲಿ ಹನ್ನೊಂದು ಸತ್ತವು. ಕೂದಲು ಪಾಚಿಯೇ ಎಷ್ಟೋ ವಾಸಿ ಅನ್ನಿಸಿಬಿಟ್ಟಿತು.

ಈಗ ಎಲ್ಲ ಉಲ್ಟಾ ಮಾಡಬೇಕಾಯಿತು. ಜಿಎಫ್ಒ ಹೊರಗೆ. ನೀರು ಬದಲಿಸುವುದು ಬಂದ್. ಎರಡು ತಿಂಗಳು ಯಾವುದನ್ನು ಓಡಿಸಲು ಒದ್ದಾಡಿದ್ದೆನೋ, ಅದೇ ನೈಟ್ರೇಟ್ ಮತ್ತು ಫಾಸ್ಫೇಟನ್ನು ದುಡ್ಡು ಕೊಟ್ಟು ತಂದು ದಿನಾ ಹನಿಹನಿಯಾಗಿ ಹಾಕಿದೆ. ಫಾಸ್ಫೇಟ್ 0.1ರ ಆಸುಪಾಸು, ನೈಟ್ರೇಟ್ 10. ಆಸ್ಟ್ರಿಯಾಪ್ಸಿಸ್ ರಾತ್ರಿ ಮರಳು ಬಿಟ್ಟು ನೀರಿಗೆ ಏಳುತ್ತೆ. ಅದಕ್ಕೇ ಒಂದು ಯುವಿ ದೀಪ ತಂದು ನೀರನ್ನು ಅದರ ಮೂಲಕ ಹಾಯಿಸಿದೆ. ಅವು ಹೋಗಲು ಮೂರು ವಾರ ಹಿಡಿಯಿತು.

ಆಮೇಲಿನದು ಬೇಸರದ ಕೆಲಸ, ಜಾಸ್ತಿ ಹೇಳುವಂಥದ್ದಿಲ್ಲ. ಶನಿವಾರ, ಎರಡು ಕಲ್ಲು, ಬ್ರಷ್. ಹೊಸದಾಗಿ ಟ್ರೋಕಸ್ ಬಸವನಹುಳು ತಂದೆ. ಮಗುಚಿ ಬಿದ್ದರೂ ಇವು ತಾವೇ ಎದ್ದುಕೊಳ್ಳುತ್ತವೆ. ಮುಳ್ಳಿನ ಚೆಂಡಿನಂಥ ಕಡಲ ಜೀವಿ, ಒಂದು ಟಕ್ಸಿಡೋ ಅರ್ಚಿನ್ ಕೂಡ ಬಂತು. ಕಲ್ಲನ್ನು ಕೆರೆದು ಕೆರೆದು ಪಾಚಿ ತಿನ್ನುತ್ತೆ, ಆದರೆ ಸಿಕ್ಕಿದ್ದನ್ನೆಲ್ಲ ತಲೆ ಮೇಲೆ ಹೊತ್ತು ತಿರುಗುವ ಚಟ. ಅಂಟಿಸದೆ ಇಟ್ಟಿದ್ದ ಹವಳದ ತುಂಡೊಂದನ್ನು ಎರಡು ದಿನ ಟೋಪಿ ಮಾಡಿಕೊಂಡಿತ್ತು.

ಟ್ಯಾಂಕಿನ ಕೆಳಗಿರುವ ಫಿಲ್ಟರ್ ತೊಟ್ಟಿ, ಅಂದರೆ ಸಂಪ್‌ನಲ್ಲಿ ದೀಪ ಹಾಕಿ ಕೀಟೋ ಪಾಚಿ ಬೆಳೆಸುತ್ತಿದ್ದೇನೆ. ಪಾಚಿ ಹೇಗೂ ಬೆಳೆಯುತ್ತೆ, ನಾನು ಹೇಳಿದ ಕಡೆ ಬೆಳೆಯಲಿ. ಹಿಂದೆ ಇದಕ್ಕೆ ಕಾಲರ್ಪಾ ಅನ್ನುವ ಪಾಚಿ ಬಳಸುತ್ತಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಅದಕ್ಕೆ ಕಾನೂನಿನ ಅಡ್ಡಿ ಇದೆ. 2000ದಲ್ಲಿ ಕಾರ್ಲ್ಸ್‌ಬಾಡ್ ಹತ್ತಿರದ ಹಿನ್ನೀರಿನಲ್ಲಿ ಅಕ್ವೇರಿಯಂ ತಳಿಯ ಕಾಲರ್ಪಾ ಹಬ್ಬಿತ್ತು. ಟಾರ್ಪಾಲಿನ್ ಮುಚ್ಚಿ, ಒಳಗೆ ಕ್ಲೋರಿನ್ ಬಿಟ್ಟು ಕೊಲ್ಲಬೇಕಾಯಿತು. ಪೂರ್ತಿ ಹೋಯಿತು ಅಂತ ಘೋಷಿಸಿದ್ದು 2006ರಲ್ಲಿ. ಅದಕ್ಕೇ ನಾನು ಕಿತ್ತ ಪಾಚಿಯನ್ನೂ ಒಣಗಿಸಿ ಕಸದ ಬುಟ್ಟಿಗೇ ಹಾಕುತ್ತೇನೆ.

ಈಗ ಏಳನೇ ತಿಂಗಳು. ಫಾಸ್ಫೇಟ್ 0.07, ನೈಟ್ರೇಟ್ 8. ಓವರ್‌ಫ್ಲೋ ಪೆಟ್ಟಿಗೆಯ ಹಿಂದೆ, ಕೈ ಹೋಗದ ಕಡೆ, ಒಂದು ಹಿಡಿ ಕೂದಲು ಪಾಚಿ ಇನ್ನೂ ಇದೆ. ಇರಲಿ ಬಿಡಿ.

ಅಪ್ಪನ ಚೆಕಪ್ಪಿಗೆ ಮುಂದಿನ ತಿಂಗಳು ಮತ್ತೆ ಊರಿಗೆ ಹೊರಟಿದ್ದೇನೆ. ರೆಸಿನ್ ಬದಲಾಯಿಸಿ ಆಯಿತು. ಅಪ್ಪನ ಮಾತ್ರೆ ಡಬ್ಬಿಯಂಥದ್ದೇ ನಾಲ್ಕು ತಂದು, ಸೋಮವಾರ, ಮಂಗಳವಾರ ಅನ್ನುವ ಒಂದೊಂದು ಮನೆಗೂ ಅರ್ಧರ್ಧ ಕ್ಯೂಬ್ ಮೈಸಿಸ್ ತುಂಬಿ ಫ್ರೀಜರಿನಲ್ಲಿಟ್ಟಿದ್ದೇನೆ. ಉಳಿದ ಪ್ಯಾಕೆಟ್ಟನ್ನು ಬಟಾಣಿ ಚೀಲದ ಅಡಿಯಲ್ಲಿ ಬಚ್ಚಿಟ್ಟಿದ್ದೇನೆ. ಗೆಳೆಯನಿಗೆ ಹೇಳಿಲ್ಲ.