ತುಮಕೂರಿನ ಗ್ಯಾಲರಿಗೊಂದು ಮೊಬೈಲ್ ಗೈಡ್: ನಾನು ಮಾಡಿದ ಬಗೆ

ತುಮಕೂರಿನ ಒಂದು ಸಣ್ಣ ಆರ್ಟ್ ಗ್ಯಾಲರಿಗೆ ಮೊಬೈಲ್ ಗೈಡ್, ಅಂದರೆ ಚಿತ್ರದ ವಿವರವನ್ನು ನೋಡುವವರ ಫೋನಿನಲ್ಲೇ ಕೇಳಿಸುವ ಆ್ಯಪ್, ಮಾಡಿಕೊಡುವ ಕೆಲಸ ನನಗೆ ಬಂತು. ಅಲ್ಲಿರುವುದು ನಲವತ್ತರಷ್ಟು ಚಿತ್ರಗಳು. ಒಂದಷ್ಟು ಮೈಸೂರು ಶೈಲಿಯವು, ಒಂದಷ್ಟು ಈಗಿನವರು ಬರೆದವು, ಜೊತೆಗೆ ಸೀಬಿ ನರಸಿಂಹಸ್ವಾಮಿ ದೇವಸ್ಥಾನದ ಚಾವಣಿ ಚಿತ್ರಗಳ ದೊಡ್ಡ ಫೋಟೊಗಳು. ಬರುವವರಲ್ಲಿ ಶಾಲೆ ಮಕ್ಕಳೇ ಜಾಸ್ತಿ. ರಜೆ ದಿನ ಮನೆಮಂದಿಯೆಲ್ಲ ಬರುತ್ತಾರೆ.

ಒಂದು ಸಾಲು ಕೋಡ್ ಬರೆಯುವ ಮೊದಲು ಮೂಲೆಯಲ್ಲಿ ಸುಮ್ನೆ ಕೂತು ನೋಡಿದೆ. ಒಂದೊಂದು ಚಿತ್ರದ ಮುಂದೆ ಜನ ನಿಲ್ಲುವುದೇ ಸ್ವಲ್ಪ ಹೊತ್ತು. ಅದರಲ್ಲೂ ಅರ್ಧ ಪಾಲು ಪಕ್ಕದ ಚೀಟಿ ಓದುವುದಕ್ಕೆ ಹೋಗುತ್ತದೆ. ಇದರಲ್ಲಿ ಫೋನೂ ಪಾಲು ಕೇಳಿದರೆ ಚಿತ್ರಕ್ಕೆ ಏನು ಉಳೀತು? ಹಾಗಾಗಿ ನಾನು ಇಟ್ಟುಕೊಂಡ ನಿಯಮ ಒಂದೇ: ಗೈಡ್ ಮಾತಾಡಬೇಕು, ಪರದೆ ಸುಮ್ಮನಿರಬೇಕು.

ಈ ಯೋಚನೆ ಹೊಸದೇನಲ್ಲ. 1952ರಲ್ಲೇ ಆಮ್‌ಸ್ಟರ್‌ಡ್ಯಾಮ್‌ನ ಸ್ಟೆಡೆಲಿಕ್ ಮ್ಯೂಸಿಯಂನಲ್ಲಿ ಜನ ರೇಡಿಯೊ ಮೂಲಕ ಬರುವ ವಿವರಣೆಯನ್ನು ಕಿವಿಗೆ ಹಾಕಿಕೊಂಡು ಚಿತ್ರ ನೋಡಿದ್ದರು. ಆಗ ಎಲ್ಲರೂ ಒಂದೇ ಹೊತ್ತಿಗೆ ಒಂದೇ ಮಾತು ಕೇಳಬೇಕಿತ್ತು. ಈಗ ಬೇಕಾದವರು ಬೇಕಾದ ಚಿತ್ರದ ಮುಂದೆ ಕೇಳಬಹುದು.

ಹೆಚ್ಚು ಹೊತ್ತು ಹಿಡಿದದ್ದು ಮಾತು ಬರೆಯುವ ಕೆಲಸ. ಗ್ಯಾಲರಿಯವರು ಕೊಟ್ಟ ವಿವರದಲ್ಲಿ ಕಲಾವಿದರ ಹೆಸರು, ಇಸವಿ, ಅಳತೆ ಎಲ್ಲ ಇತ್ತು. ಆದರೆ ಎಲ್ಲಿ ನೋಡಬೇಕು ಅನ್ನುವುದು ಇರಲಿಲ್ಲ. ಅದನ್ನು ನಾನು ಬಂದವರ ಬಾಯಿಂದಲೇ ಎತ್ತಿಕೊಂಡೆ. ಶ್ರೀರಾಮ ಪಟ್ಟಾಭಿಷೇಕದ ಚಿತ್ರದ ಮುಂದೆ ಒಬ್ಬರು ಅಜ್ಜಿ ಮೊಮ್ಮಗಳನ್ನು ಕೇಳಿದರು: "ಇದ್ಯಾಕವ್ವಾ ಹಿಂಗೆ ಹೊಳೀತೈತೆ? ಚಿನ್ನಾನೇ ಹಾಕವ್ರಾ?" ಆ ಹುಡುಗಿಗೆ ಗೊತ್ತಿರಲಿಲ್ಲ. ಆ ಚಿತ್ರದ ಧ್ವನಿ ಈಗ ಶುರುವಾಗುವುದೇ ಹೀಗೆ: "ಹೌದು, ಇದು ಚಿನ್ನವೇ. ರಾಮನ ಕಿರೀಟ ನೋಡಿ. ಈಗ ಎರಡು ಹೆಜ್ಜೆ ಎಡಕ್ಕೆ ಸರಿದು ಮತ್ತೆ ನೋಡಿ."

ಸರಿದು ನೋಡಿದರೆ ಕಿರೀಟದ ಗೆರೆಗಳು ಚೂರೇ ಚೂರು ಉಬ್ಬಿರುವುದು ಕಾಣುತ್ತದೆ. ನೇರ ನಿಂತಾಗ ಅದು ಗೊತ್ತೇ ಆಗುವುದಿಲ್ಲ. ಮಕ್ಕಿ ಸಫೇದ ಅನ್ನುವ ಲೇಪವನ್ನು ಸಣ್ಣ ಕುಂಚದಲ್ಲಿ ಎಳೆ ಎಳೆಯಾಗಿ ಏರಿಸಿ, ಅದರ ಮೇಲೆ ಚಿನ್ನದ ರೇಕು ಅಂಟಿಸುತ್ತಾರೆ. ತಂಜಾವೂರು ಚಿತ್ರದಲ್ಲಿ ಈ ಉಬ್ಬು ದಪ್ಪ, ಕಲ್ಲುಗಳನ್ನೂ ಕೂರಿಸಿರುತ್ತಾರೆ. ಮೈಸೂರಿನದರಲ್ಲಿ ತೀರಾ ತೆಳು. ಇಷ್ಟನ್ನು ಎರಡೇ ವಾಕ್ಯದಲ್ಲಿ ಹೇಳಿ ಮಾತು ನಿಲ್ಲುತ್ತದೆ. ಐದು ಸೆಕೆಂಡು ಏನೂ ಇಲ್ಲ. ಈ ಖಾಲಿ ಜಾಗವನ್ನು ಬೇಕೆಂದೇ ಬಿಟ್ಟಿದ್ದೇನೆ. "ನೋಡಿ" ಅಂತ ಹೇಳಿ ನೋಡಲು ಬಿಡದೆ ಮಾತಾಡುತ್ತಲೇ ಹೋದರೆ ಹೇಳಿದ್ದಕ್ಕೆ ಅರ್ಥವೇ ಇಲ್ಲ, ಅಲ್ವಾ?

ಸೀಬಿಯ ಫೋಟೊಗಳಿಗೆ ಬೇರೆ ದಾರಿ ಹಿಡಿಯಬೇಕಾಯಿತು. ಅವು ಗೋಡೆಯ ಮೇಲಿವೆ, ಆದರೆ ಮೂಲ ಚಿತ್ರಗಳು ಇರುವುದು ಮಂಟಪದ ಚಾವಣಿಯಲ್ಲಿ. ರಾಮಾಯಣ, ಭಾಗವತದ ಕತೆಗಳ ಜೊತೆಗೆ ಹೈದರ್ ಅಲಿ, ಟಿಪ್ಪು ದರ್ಬಾರಿನ ದೃಶ್ಯಗಳೂ ಅಲ್ಲಿವೆ. ಇದನ್ನು ಕತ್ತೆತ್ತಿ ನೋಡುವ ಚಿತ್ರ ಅಂತ ಮೊದಲೇ ಹೇಳಿಬಿಡುತ್ತೇವೆ. ದೇವಸ್ಥಾನ ಶಿರಾ ರಸ್ತೆಯಲ್ಲೇ ಇದೆ ಅಂತಲೂ ಸೇರಿಸಿದೆವು. ಹೋಗಿ ನೋಡಿ ಬರಲಿ ಅನ್ನುವುದು ನನ್ನ ಆಸೆ.

ಪರದೆಯಲ್ಲಿ ಚಿತ್ರದ ಫೋಟೊ ಹಾಕಿಲ್ಲ. ಗ್ಯಾಲರಿಯ ಮೇಡಂಗೆ ಇದು ಮೊದಲು ಒಪ್ಪಿಗೆ ಆಗಲಿಲ್ಲ. "ಖಾಲಿ ಖಾಲಿ ಕಾಣ್ಸುತ್ತೆ ಕಣಪ್ಪಾ" ಅಂದರು. ಫೋಟೊ ಇರುವ ಪುಟ, ಇಲ್ಲದ ಪುಟ, ಎರಡನ್ನೂ ಮಕ್ಕಳ ಕೈಗೆ ಕೊಟ್ಟು ನೋಡಿದೆವು. ಫೋಟೊ ಇದ್ದಾಗ ಮಕ್ಕಳು ಅದನ್ನೇ ಬೆರಳಲ್ಲಿ ಹಿಗ್ಗಿಸುತ್ತಾ ನಿಂತರು. ಚಿತ್ರ ಎದುರಿಗೇ ಇತ್ತು! ಮೇಡಂ ಆಮೇಲೆ ಒಪ್ಪಿದರು. ಈಗ ಕಪ್ಪು ಹಿನ್ನೆಲೆ, ಚಿತ್ರದ ಹೆಸರು, ಒಂದು ದೊಡ್ಡ ಬಟನ್, ಅಷ್ಟೇ. ಕೇಳಲಾಗದವರಿಗೆ ಅದೇ ಮಾತು ಕೆಳಗೆ ಅಕ್ಷರದಲ್ಲಿದೆ.

ಆ್ಯಪ್ ಅಂತ ಎಲ್ಲರೂ ಕರೆದರೂ ಇದು ಬ್ರೌಸರಿನಲ್ಲಿ ತೆರೆಯುವ ವೆಬ್ ಆ್ಯಪ್. ಅರ್ಧ ಗಂಟೆ ಚಿತ್ರ ನೋಡುವುದಕ್ಕೆ ಯಾರೂ ಪ್ಲೇ ಸ್ಟೋರಿಗೆ ಹೋಗುವುದಿಲ್ಲ, ಎಷ್ಟೋ ಜನರ ಫೋನಿನಲ್ಲಿ ಜಾಗವೂ ಇರುವುದಿಲ್ಲ. ಒಳಗೆ ಸಿಗ್ನಲ್ ಕಮ್ಮಿ. ಅದಕ್ಕೆ ಬಾಗಿಲ ಹತ್ತಿರದ ವೈಫೈಯಲ್ಲೇ ಎಲ್ಲ ಧ್ವನಿಯೂ ಫೋನಿಗೆ ಇಳಿದು ಕೂರುವಂತೆ ಮಾಡಿದೆ. ಮಾತಿಗೆ 32 ಕೆಬಿಪಿಎಸ್ (ಸೆಕೆಂಡಿಗೆ 32 ಕಿಲೋಬಿಟ್) ಮೋನೊ, ಅಂದರೆ ಒಂದೇ ಚಾನೆಲ್‌ನ ಧ್ವನಿ, ಸಾಕು. ಒಂದು ನಿಮಿಷಕ್ಕೆ 240 ಕೆಬಿ ಆಗುತ್ತದೆ. ಚಿತ್ರಕ್ಕೆ ಒಂದು ನಿಮಿಷ ಅಂದರೂ ನಲವತ್ತು ಚಿತ್ರಕ್ಕೆ ಸೇರಿ ಹತ್ತು ಎಂಬಿ ಒಳಗೇ ಮುಗಿಯುತ್ತದೆ.

ಚಿತ್ರದ ಹತ್ತಿರ ಹೋದರೆ ಗೈಡ್ ತಾನಾಗಿಯೇ ಮಾತಾಡುವಂತೆ ಬ್ಲೂಟೂತ್ ಬೀಕನ್ (ಫೋನಿಗೆ ಸಿಗ್ನಲ್ ಕಳಿಸುವ ಸಣ್ಣ ಸಾಧನ) ಹಾಕೋಣ ಅಂತ ಕೆಲವರು ಹೇಳಿದರು. ನಾನು ಬೇಡ ಅಂದೆ. ಆ ಸಿಗ್ನಲ್ ಗೋಡೆಗೆ ಬಡಿದು ವಾಪಸ್ ಬರುತ್ತದೆ, ನಡುವೆ ಜನ ನಿಂತರೆ ಕುಗ್ಗುತ್ತದೆ. ಮೂರು ಅಡಿ ಅಂತರದಲ್ಲಿ ತೂಗುಹಾಕಿದ ಎರಡು ಚಿತ್ರಗಳಲ್ಲಿ ಯಾವುದರ ಮುಂದೆ ನಿಂತಿದ್ದೀರಿ ಅಂತ ನಂಬಿಕೆಯಿಂದ ಹೇಳಲು ಅದಕ್ಕೆ ಆಗುವುದಿಲ್ಲ. ಕ್ಯುಆರ್ ಕೋಡ್ ಸಾಕು. ಚಹಾ ಅಂಗಡಿಯಲ್ಲಿ ದಿನಾ ಸ್ಕ್ಯಾನ್ ಮಾಡುವ ಜನಕ್ಕೆ ಅದನ್ನು ಕಲಿಸಬೇಕಾಗಿಲ್ಲ. ಒಂದಡಿ ದೂರದಿಂದ ಓದಬೇಕಾದರೆ ಕೋಡ್ ಮೂರು ಸೆಂಟಿಮೀಟರ್ ಇರಲಿ. ಗಾಜಿನ ಹಿಂದೆ ಹಾಕಬೇಡಿ, ಲೈಟ್ ಹೊಳೆದು ಕ್ಯಾಮೆರಾಗೆ ಸಿಗುವುದಿಲ್ಲ. ಮಕ್ಕಳಿಗೂ ಎಟಕುವ ಎತ್ತರದಲ್ಲಿರಲಿ. ಪಕ್ಕದಲ್ಲೇ ದಪ್ಪಗೆ ಒಂದು ನಂಬರ್ ಬರೆಸಿ. ಕ್ಯಾಮೆರಾ ಸರಿಯಿಲ್ಲದ ಫೋನಿನಲ್ಲಿ ಆ ನಂಬರ್ ಒತ್ತಿದರೂ ಧ್ವನಿ ಬರುತ್ತದೆ.

ಕನ್ನಡದ ಅಕ್ಷರಕ್ಕೆ ಸಾಲುಗಳ ನಡುವೆ ಧಾರಾಳವಾಗಿ ಜಾಗ ಬಿಡಬೇಕು. ಇಂಗ್ಲಿಷ್‌ಗೆ ಹೊಂದಿಸಿದ ಅಳತೆಯನ್ನೇ ಇಟ್ಟರೆ "ರಾಷ್ಟ್ರ" ಅನ್ನುವಲ್ಲಿ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ನಾನು ಅಕ್ಷರದ ಗಾತ್ರದ 1.7 ಪಟ್ಟು ಇಟ್ಟೆ, ಹಿರಿಯರಿಗೂ ಓದಲು ಹಿತವಾಯಿತು.

ಇಯರ್‌ಫೋನ್ ಎಲ್ಲರೂ ತಂದಿರುವುದಿಲ್ಲ. ಶಾಲೆ ಮಕ್ಕಳಿಗೆ ನಾಲ್ಕೈದು ಜನಕ್ಕೆ ಒಂದು ಫೋನ್ ಕೊಟ್ಟು ಸ್ಪೀಕರ್‌ನಲ್ಲೇ ಕೇಳಿಸುತ್ತೇವೆ. ಇದು ನನಗೆ ತುಂಬಾ ಇಷ್ಟವಾಯಿತು. "ಎಡಕ್ಕೆ ಸರಿಯಿರಿ" ಅಂದಾಗ ಗುಂಪಿಗೆ ಗುಂಪೇ ಸರಿಯುತ್ತದೆ, ಯಾರಿಗೆ ಮೊದಲು ಉಬ್ಬು ಕಂಡಿತು ಅಂತ ಜಗಳವೇ ನಡೆಯುತ್ತದೆ.

ಚಿತ್ರಗಳು ಆಗಾಗ ಜಾಗ ಬದಲಿಸುತ್ತವೆ. ಅದಕ್ಕೆ ನಂಬರನ್ನು ಚಿತ್ರಕ್ಕಲ್ಲ, ಗೋಡೆಯ ಜಾಗಕ್ಕೆ ಕೊಟ್ಟಿದ್ದೇನೆ. ಯಾವ ಜಾಗದಲ್ಲಿ ಯಾವ ಚಿತ್ರ ಅನ್ನುವ ಪಟ್ಟಿ ಒಂದು ಶೀಟಿನಲ್ಲಿದೆ. ಗ್ಯಾಲರಿಯ ಹುಡುಗ ಅದರಲ್ಲಿ ಒಂದು ಸಾಲು ಬದಲಾಯಿಸಿದರೆ ಆಯಿತು, ನನಗೆ ಫೋನ್ ಮಾಡಬೇಕಾಗಿಲ್ಲ.